ವೃತ್ತಿಪರ ಆಟಗಾರರ ಐಷಾರಾಮಿ ಮನೆ: ಬೆಲೆ ನಿಗದಿಯಿಂದ ಮಾರಾಟದವರೆಗೆ

ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ತಮ್ಮ ಬಂಗಲೆಯನ್ನು ಮಾರಾಟಕ್ಕಿಟ್ಟದ್ದು 2012ರಲ್ಲಿ. ಅದು ಮಾರಾಟವಾದದ್ದು 2024ರ ಡಿಸೆಂಬರಿನಲ್ಲಿ. ಷಿಕಾಗೊ ನಗರದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ, ಏಳು ಎಕರೆಗೂ ಹೆಚ್ಚು ಜಾಗದ ನಡುವೆ ಇರುವ ಸುಮಾರು 56,000 ಚದರ ಅಡಿಯ ಈ ಮನೆಗೆ ಮೊದಲು ಕೇಳಿದ ಬೆಲೆ 2.9 ಕೋಟಿ ಡಾಲರ್. ಕೊನೆಗೆ ಕೈಗೆ ಬಂದದ್ದು 95 ಲಕ್ಷ ಡಾಲರ್, ಅಂದರೆ ಕೇಳಿದ್ದರಲ್ಲಿ ಮೂರನೆಯ ಒಂದು ಪಾಲು. ಬಾಸ್ಕೆಟ್‌ಬಾಲ್ ಆಟದಲ್ಲಿ ಜೋರ್ಡನ್‌ಗಿಂತ ದೊಡ್ಡ ಹೆಸರಿಲ್ಲ. ಹೆಸರಿನ ಬಲದಿಂದಲೇ ಮನೆಗೆ ಬೆಲೆ ಬರುವುದಾಗಿದ್ದರೆ ಅದು ಎಲ್ಲರಿಗಿಂತ ಮೊದಲು ಜೋರ್ಡನ್ ಅವರ ಮನೆಗೆ ಬರಬೇಕಿತ್ತು.

ಅಮೆರಿಕದಲ್ಲಿ ರಿಯಲ್ ಎಸ್ಟೇಟ್ ಏಜೆಂಟರಾಗಿರುವ ಕನ್ನಡಿಗರಿಗೆ, ಆಟಗಾರರ ಹಣಕಾಸು ನೋಡಿಕೊಳ್ಳುವವರಿಗೆ, ಇಂಥ ಮನೆಯನ್ನು ಕೊಳ್ಳುವ ಇಲ್ಲವೇ ಮಾರುವ ಯೋಚನೆಯಿರುವವರಿಗೆ ಉಪಯೋಗವಾಗಲೆಂದು ಈ ಲೇಖನವನ್ನು ಬರೆದಿದ್ದೇನೆ. ಉದಾಹರಣೆಗಳೂ ಕಾನೂನುಗಳೂ ಬಹುಪಾಲು ಅಮೆರಿಕದವು. ಬೆಂಗಳೂರಿನಲ್ಲಿ ಬೇರೆಯಾಗುವ ಕೆಲವು ಸಂಗತಿಗಳನ್ನು ತೆರಿಗೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲ ಹಂತ: ಮಾರುವ ಕಾರಣ ಮತ್ತು ಗಡುವು

ಸಾಮಾನ್ಯ ಕುಟುಂಬ ಮನೆ ಮಾರಲು ಒಂದು ವರ್ಷ ಯೋಚಿಸಬಹುದು. ಆಟಗಾರರಿಗೆ ಆ ಅವಕಾಶ ಹಲವು ಬಾರಿ ಇರುವುದಿಲ್ಲ. ಋತುವಿನ ನಡುವೆಯೇ ತಂಡ ಬದಲಾಗುತ್ತದೆ, ಹೊಸ ಊರಿನಲ್ಲಿ ಮುಂದಿನ ವಾರದಿಂದ ಪಂದ್ಯಗಳಿರುತ್ತವೆ, ಹಳೆಯ ಊರಿನ ಮನೆಯ ಗ್ಯಾರೇಜಿನಲ್ಲಿ ಕಾರುಗಳು ಹಾಗೆಯೇ ನಿಂತಿರುತ್ತವೆ. ಈ ಅವಸರ ಪತ್ರಿಕೆಗಳ ಮೂಲಕ ಎಲ್ಲರಿಗೂ ಗೊತ್ತಾಗಿರುವುದರಿಂದ ಕೊಳ್ಳುವವರು ಅದನ್ನು ಚೌಕಾಸಿಗೆ ಬಳಸುತ್ತಾರೆ. ಆದ್ದರಿಂದ ಬೆಲೆಯ ಮಾತಿಗೆ ಮುಂಚೆ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆದುಕೊಳ್ಳಿ: ಮನೆ ಯಾವ ತಿಂಗಳೊಳಗೆ ಮಾರಾಟವಾಗಲೇಬೇಕು, ಮತ್ತು ಮಾರಾಟವಾಗದಿದ್ದರೆ ಅದನ್ನು ಇಟ್ಟುಕೊಳ್ಳಲು ವರ್ಷಕ್ಕೆ ಎಷ್ಟು ಖರ್ಚು.

ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಜೋರ್ಡನ್ ಅವರ ಮನೆಗೆ ಆಸ್ತಿ ತೆರಿಗೆಯೊಂದೇ ವರ್ಷಕ್ಕೆ ಲಕ್ಷ ಡಾಲರಿಗಿಂತ ಹೆಚ್ಚಿತ್ತು. ಅದರ ಮೇಲೆ ವಿಮೆ, ಷಿಕಾಗೊದ ಚಳಿಗಾಲದಲ್ಲಿ ಅಷ್ಟು ದೊಡ್ಡ ಕಟ್ಟಡವನ್ನು ಬೆಚ್ಚಗಿಡುವ ವೆಚ್ಚ, ಈಜುಕೊಳ, ತೋಟ ಮತ್ತು ಕಾವಲಿನವರ ಸಂಬಳ ಸೇರುತ್ತವೆ. ಕಟ್ಟಿಹಾಕಿದ ಬಂಡವಾಳವೂ ಖರ್ಚೇ: ಒಂದು ಕೋಟಿ ಡಾಲರ್ ಮನೆಯಲ್ಲಿ ಸಿಕ್ಕಿಕೊಂಡಿದ್ದರೆ, ಶೇಕಡಾ 4ರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಡಾಲರ್ ಆದಾಯ ತಪ್ಪಿಹೋಗುತ್ತದೆ. ಈ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳ ಅಂಕಿಯನ್ನು ಮಾಲೀಕರ ಮುಂದಿಡಿ. ಮುಂದೆ ಯಾರಾದರೂ ಕೇಳಿದ್ದಕ್ಕಿಂತ ಕಡಿಮೆ ಬೆಲೆ ಹೇಳಿದಾಗ ಒಪ್ಪುವುದೋ ಕಾಯುವುದೋ ಎಂಬ ತೀರ್ಮಾನಕ್ಕೆ ಈ ಅಂಕಿಯೇ ಆಧಾರವಾಗಬೇಕು.

ಎರಡನೆಯ ಹಂತ: ಬೆಲೆ ಕಟ್ಟುವುದು

ಇಡೀ ವ್ಯವಹಾರದ ಅಳಿವು ಉಳಿವು ಇಲ್ಲಿದೆ. ಹಾಗಾಗಿ ನಿಧಾನವಾಗಿ ನೋಡೋಣ.

ಮನೆಗೆ ಬೆಲೆ ಕಟ್ಟುವಾಗ ಮಾಲೀಕರ ಮನಸ್ಸಿನಲ್ಲಿ ಮೂರು ಅಂಕಿಗಳಿರುತ್ತವೆ: ಕಟ್ಟಿಸಲು ತಗುಲಿದ ಹಣ, ತಮ್ಮ ಹೆಸರಿಗೆ ಸಿಗಬೇಕೆಂದು ಅವರು ಭಾವಿಸುವ ಹಣ, ಪಕ್ಕದ ದೊಡ್ಡ ಮನೆಗೆ ಯಾರೋ ಕೇಳುತ್ತಿರುವ ಹಣ. ಮಾರುಕಟ್ಟೆ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನೋಡುವುದು ಅದೇ ಊರಿನಲ್ಲಿ, ಅದೇ ಬಗೆಯ ಜಾಗದಲ್ಲಿ, ಇತ್ತೀಚೆಗೆ ನಿಜವಾಗಿ ನೋಂದಣಿಯಾದ ಮಾರಾಟಗಳನ್ನು. ಕೇಳುತ್ತಿರುವ ಬೆಲೆ ಆಸೆಯಷ್ಟೇ ಆದ್ದರಿಂದ ಮಾರಾಟ ಮುಗಿದ ಮನೆಗಳನ್ನು ಮಾತ್ರ ಪಟ್ಟಿಗೆ ಸೇರಿಸಿ. ಇಷ್ಟು ದೊಡ್ಡ ಮನೆಗಳು ಅಪರೂಪಕ್ಕೆ ಕೈಬದಲಾಗುವುದರಿಂದ ಒಂದು ವರ್ಷದ ಮಾರಾಟಗಳು ಸಾಲದೆ ಹೋಗಬಹುದು. ಆಗ ಇನ್ನೂ ಹಿಂದಕ್ಕೆ ಹೋಗಿ, ನಡುವಿನ ಅವಧಿಯಲ್ಲಿ ಆ ಪ್ರದೇಶದ ಬೆಲೆ ಏರಿದ್ದನ್ನೋ ಇಳಿದದ್ದನ್ನೋ ಸರಿಹೊಂದಿಸಿಕೊಳ್ಳಬೇಕು.

ನೆಲದ ಬೆಲೆಯನ್ನು ಕಟ್ಟಡದ ಬೆಲೆಯಿಂದ ಬೇರ್ಪಡಿಸುವುದು ಮುಂದಿನ ಕೆಲಸ. ಫ್ಲಾರಿಡಾದ ಟ್ಯಾಂಪಾದಲ್ಲಿ ಬೇಸ್‌ಬಾಲ್ ಆಟಗಾರ ಡೆರೆಕ್ ಜೀಟರ್ ನೀರಿನ ದಡದಲ್ಲಿ ಕಟ್ಟಿಸಿದ್ದ, 30,000 ಚದರ ಅಡಿ ಮೀರಿದ ಮನೆಯನ್ನು 2020ರಲ್ಲಿ 2.9 ಕೋಟಿ ಡಾಲರಿಗೆ ಮಾರಾಟಕ್ಕಿಟ್ಟರು. ಅದು 2021ರಲ್ಲಿ 2.25 ಕೋಟಿಗೆ ಹೋಯಿತು, ಆಮೇಲೆ ಆ ಮನೆಯನ್ನು ಕೆಡವಿಬಿಟ್ಟರು. ನೀರಿನಂಚಿನ ಆ ಜಾಗಕ್ಕೆ ಅಷ್ಟು ಬೆಲೆಯಿತ್ತು. ಜೋರ್ಡನ್ ಅವರ ಮನೆಯೂ ಸಿರಿವಂತರ ಊರಿನಲ್ಲೇ ಇದೆ, ಆದರೆ ಆ ಊರಿನಲ್ಲಿ ಅತಿ ಹೆಚ್ಚು ಬೆಲೆ ಸಿಗುವುದು ಮಿಷಿಗನ್ ಸರೋವರದ ದಡದ ನಿವೇಶನಗಳಿಗೆ, ಮತ್ತು ಈ ಮನೆ ದಡದಲ್ಲಿಲ್ಲ. ಒಂದೇ ಬೆಲೆ ಕೇಳಿದ ಎರಡು ಮನೆಗಳ ಗತಿ ಇಷ್ಟು ಬೇರೆಯಾದದ್ದರಲ್ಲಿ ನೆಲದ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಚದರ ಅಡಿಯ ದರವನ್ನು ಎಚ್ಚರದಿಂದ ಬಳಸಬೇಕು. ಮನೆಯ ಗಾತ್ರ ಹಿಗ್ಗಿದಂತೆ ಪ್ರತಿ ಚದರ ಅಡಿಗೆ ಸಿಗುವ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. 8,000 ಚದರ ಅಡಿಯ ಮನೆಯ ದರವನ್ನು 50,000 ಚದರ ಅಡಿಯ ಮನೆಗೆ ಗುಣಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಹೈಲ್ಯಾಂಡ್ ಪಾರ್ಕಿನ ಮನೆಗೆ ಮೊದಲು ಕೇಳಿದ್ದು ಚದರ ಅಡಿಗೆ ಸುಮಾರು 518 ಡಾಲರ್. ಸಿಕ್ಕಿದ್ದು ಸುಮಾರು 170. ಇನ್ನೊಂದು ವಿಷಯವಿದೆ: ಅಮೆರಿಕದ ಮೌಲ್ಯಮಾಪಕರು ನೆಲಮಟ್ಟಕ್ಕಿಂತ ಕೆಳಗಿನ ಜಾಗವನ್ನು ವಾಸದ ವಿಸ್ತೀರ್ಣದಲ್ಲಿ ಸೇರಿಸದೆ ಬೇರೆಯಾಗಿ ತೋರಿಸುತ್ತಾರೆ. ಆಟಗಾರರ ಮನೆಗಳಲ್ಲಿ ಜಿಮ್, ಚಿತ್ರಮಂದಿರ, ಕೆಲವೊಮ್ಮೆ ಆಟದ ಅಂಕಣವೂ ನೆಲಮಾಳಿಗೆಯಲ್ಲೇ ಇರುವುದರಿಂದ ಜಾಹೀರಾತಿನ ವಿಸ್ತೀರ್ಣಕ್ಕೂ ಮೌಲ್ಯಮಾಪಕರ ವಿಸ್ತೀರ್ಣಕ್ಕೂ ಭಾರಿ ಅಂತರ ಬರಬಹುದು. ಕೊಳ್ಳುವವರು ಬ್ಯಾಂಕಿನ ಸಾಲ ಪಡೆಯುವುದಾದರೆ ಆ ಅಂತರವೇ ವ್ಯವಹಾರವನ್ನು ಮುರಿದೀತು.

ಇಬ್ಬರು ಸ್ವತಂತ್ರ ಮೌಲ್ಯಮಾಪಕರಿಂದ ಬೇರೆ ಬೇರೆಯಾಗಿ ವರದಿ ತರಿಸಿಕೊಳ್ಳಿ, ಒಬ್ಬರ ಅಂಕಿಯನ್ನು ಇನ್ನೊಬ್ಬರಿಗೆ ತಿಳಿಸಬೇಡಿ. ಅತಿ ಹೆಚ್ಚು ಬೆಲೆ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವ ಏಜೆಂಟರನ್ನೂ ಆಯ್ಕೆ ಮಾಡಬೇಡಿ. ಆಟಗಾರರ ಮೆಚ್ಚುಗೆ ಗಳಿಸಲು ಅಂಕಿಯನ್ನು ಉಬ್ಬಿಸಿ ಹೇಳುವ ಚಾಳಿ ಈ ವ್ಯಾಪಾರದಲ್ಲಿದೆ, ಅದರ ನಷ್ಟ ತಟ್ಟುವುದು ಮಾಲೀಕರಿಗೆ.

ಹೆಸರಿಗೆ ಬೆಲೆಯೇ ಇಲ್ಲವೇ? ನೋಡುವವರನ್ನು ಕರೆತರುವ ಮಟ್ಟಿಗೆ ಖಂಡಿತ ಇದೆ. ಬೇರೆ ಮನೆಗೆ ಸಾವಿರಾರು ಡಾಲರ್ ಸುರಿದರೂ ಸಿಗದ ಪ್ರಚಾರ ಇಂಥ ಮನೆಗೆ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಸುದ್ದಿ ಓದುವ ಲಕ್ಷ ಜನರಲ್ಲಿ ಕೊಳ್ಳುವ ಶಕ್ತಿಯಿರುವವರು ಕೆಲವೇ ಮಂದಿ; ಅಷ್ಟು ಹಣವಿರುವವರು ಇನ್ನೊಬ್ಬರ ಹೆಸರಿನ ಮನೆಯಲ್ಲಿ ಬಾಳಲು ಹೆಚ್ಚು ಹಣ ಕೊಡುವುದು ಅಪರೂಪ. ಜೋರ್ಡನ್ ಅವರ ಮನೆಯ ಬೆಲೆಯನ್ನು 2015ರಲ್ಲಿ 1,48,55,000 ಡಾಲರಿಗೆ ಇಳಿಸಿದರು. ಆ ಅಂಕಿಗಳನ್ನು ಕೂಡಿದರೆ ಅವರ ಜೆರ್ಸಿಯ ಸಂಖ್ಯೆ 23 ಬರುತ್ತದೆ. ಅಭಿಮಾನಿಗಳಿಗೆ ಖುಷಿಯಾದೀತು, ಮನೆ ಮಾತ್ರ ಆಮೇಲೂ ಒಂಬತ್ತು ವರ್ಷ ಮಾರಾಟವಾಗಲಿಲ್ಲ. ಬೆಲೆಯ ಅಂಕಿಯನ್ನು ಮಾರುಕಟ್ಟೆಯ ಲೆಕ್ಕವೊಂದರಿಂದಲೇ ತೆಗೆಯಬೇಕು.

ಮೂರನೆಯ ಹಂತ: ಒಬ್ಬರಿಗಾಗಿಯೇ ಮಾಡಿಸಿದ್ದನ್ನು ಗುರುತಿಸುವುದು

ಅಳತೆಯ ಟೇಪು ಹಿಡಿದು ಮನೆಯೊಳಗೆ ಒಂದು ಸುತ್ತು ಹಾಕಿ. ಅಮೆರಿಕದ ಮನೆಗಳಲ್ಲಿ ಬಾಗಿಲಿನ ಸಾಮಾನ್ಯ ಎತ್ತರ 80 ಇಂಚು, ಅಂದರೆ ಆರು ಅಡಿ ಎಂಟು ಇಂಚು. ಏಳು ಅಡಿಯ ಬಾಸ್ಕೆಟ್‌ಬಾಲ್ ಆಟಗಾರ ಅದರಡಿ ತಲೆ ಬಗ್ಗಿಸದೆ ಹೋಗಲಾರ. ಹಾಗಾಗಿ ಅವರು ಬಾಗಿಲುಗಳನ್ನು ಎತ್ತರಿಸಿರುತ್ತಾರೆ, ಇದರಿಂದ ಯಾರಿಗೂ ತೊಂದರೆಯಿಲ್ಲ, ನೋಡಲು ಚೆನ್ನಾಗಿಯೂ ಇರುತ್ತದೆ. ಅಡುಗೆಮನೆಯ ಕಟ್ಟೆಯ ಮಾತು ಬೇರೆ. ಅದರ ವಾಡಿಕೆಯ ಎತ್ತರ 36 ಇಂಚು. ಅದನ್ನು 42 ಇಂಚಿಗೆ ಏರಿಸಿದ್ದರೆ, ಐದೂಕಾಲು ಅಡಿಯ ಮಹಿಳೆ ಅಲ್ಲಿ ನಿಂತು ತರಕಾರಿ ಹೆಚ್ಚುವಂತೆ ಕೈಯಿಟ್ಟು ನೋಡಿದ ಕೂಡಲೇ ಮೊಣಕೈ ಮೇಲಕ್ಕೆ ಏರುತ್ತದೆ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಅಡುಗೆಮನೆ ಒಡೆಸುವ ಖರ್ಚಿನ ಲೆಕ್ಕ ಶುರುವಾಗಿರುತ್ತದೆ. ಶವರಿನ ಎತ್ತರ, ಕನ್ನಡಿಯ ಎತ್ತರ, ಮೆಟ್ಟಿಲಿನ ಪಕ್ಕದ ಕಂಬಿಯ ಎತ್ತರ, ಹೀಗೆ ಪ್ರತಿಯೊಂದನ್ನೂ ಬರೆದುಕೊಳ್ಳಿ.

ನಂತರ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಿ. ಯಾರಿಗಾದರೂ ಬೇಕಾಗುವಂಥವು ಮೊದಲನೆಯವು: ಒಳ್ಳೆಯ ಜಿಮ್, ಉಗಿಸ್ನಾನದ ಕೋಣೆ, ತಣ್ಣೀರಿನ ತೊಟ್ಟಿ, ಬಲವಾದ ಕಾವಲು ವ್ಯವಸ್ಥೆ. ಇವುಗಳನ್ನು ದುರಸ್ತಿ ಮಾಡಿಸಿ ಮುಂದೆ ತೋರಿಸಬೇಕು. ಕಡಿಮೆ ಖರ್ಚಿನಲ್ಲಿ ತೆಗೆಯಬಹುದಾದವು ಎರಡನೆಯವು: ಗೋಡೆಯ ಮೇಲಿನ ತಂಡದ ಲಾಂಛನ, ತಂಡದ ಬಣ್ಣದ ಪೇಂಟು, ಹೆಸರು ನೇಯ್ದ ಕಾರ್ಪೆಟ್ಟು, ಟ್ರೋಫಿಗಳ ಗಾಜಿನ ಕಪಾಟು. ಮನೆಯನ್ನು ಯಾರಿಗಾದರೂ ತೋರಿಸುವ ಮುಂಚೆಯೇ ಇವುಗಳನ್ನು ತೆಗೆಸಬೇಕು. ತೆಗೆಯಲೂ ಆಗದ, ಇಟ್ಟರೂ ಕಷ್ಟವಾದ ದೊಡ್ಡ ರಚನೆಗಳು ಮೂರನೆಯವು. ಅವುಗಳಲ್ಲಿ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಮೊದಲ ಸ್ಥಾನ.

ಪೂರ್ಣ ಅಳತೆಯ ಅಂಕಣ 94 ಅಡಿ ಉದ್ದ, 50 ಅಡಿ ಅಗಲ, ಒಟ್ಟು 4,700 ಚದರ ಅಡಿ. ಸುತ್ತಲಿನ ಓಡಾಟದ ಜಾಗ ಬೇರೆ. ಜೋರ್ಡನ್ ಅವರ ಮನೆಯಲ್ಲೂ ಒಳಾಂಗಣ ಅಂಕಣವಿದೆ, ಇನ್ನೊಬ್ಬ ಬಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಓನೀಲ್ ಅವರ ಒರ್ಲಾಂಡೊ ಸಮೀಪದ ಮನೆಯಲ್ಲೂ ಸುಮಾರು 6,000 ಚದರ ಅಡಿಯ ಅಂಕಣವಿತ್ತು. ಓನೀಲ್ ಆ ಮನೆಗೆ 2018ರಲ್ಲಿ 2.8 ಕೋಟಿ ಡಾಲರ್ ಕೇಳಿದ್ದರು, 2021ರಲ್ಲಿ ಅದು 1.1 ಕೋಟಿಗೆ ಮಾರಾಟವಾಯಿತು. ಆಟವಾಡದ ಕುಟುಂಬಕ್ಕೆ ಇಂಥ ಅಂಕಣ ಬೆಚ್ಚಗಿಡಬೇಕಾದ, ತಂಪಾಗಿಡಬೇಕಾದ, ಗುಡಿಸಿ ಒರೆಸಬೇಕಾದ ಒಂದು ಸಭಾಂಗಣವಷ್ಟೇ. ಅದನ್ನು ಒಡೆಸಲು ಹೋಗಬೇಡಿ. ಬೇರೆ ಬಳಕೆಯನ್ನು ತೋರಿಸಿಕೊಡಿ. ಟೆನಿಸ್‌ನಂಥ ಆಟವಾದ ಪಿಕಲ್‌ಬಾಲ್‌ನ ಅಂಕಣಕ್ಕೆ 44 ಅಡಿಗೆ 20 ಅಡಿ ಜಾಗ ಸಾಕು, ಆದ್ದರಿಂದ ಅದೇ ನೆಲದ ಮೇಲೆ ತೆಗೆಯಬಹುದಾದ ಪಟ್ಟಿ ಅಂಟಿಸಿ ಎರಡು ಅಂಕಣ ಗುರುತಿಸಬಹುದು. ಕಾರುಗಳ ಸಂಗ್ರಹಕ್ಕೆ, ಮದುವೆಯ ಔತಣಕ್ಕೆ, ಕಲಾಕೃತಿಗಳ ಪ್ರದರ್ಶನಕ್ಕೆ ಆ ಜಾಗ ಹೇಗೆ ಒದಗುತ್ತದೆಂದು ವಾಸ್ತುಶಿಲ್ಪಿಯಿಂದ ನಕ್ಷೆಯನ್ನೂ ಖರ್ಚಿನ ಅಂದಾಜನ್ನೂ ಮಾಡಿಸಿ ಕೈಗಿಡಿ. ಕೊಳ್ಳುವವರು ತಾವೇ ಊಹಿಸಿಕೊಳ್ಳುವ ಖರ್ಚು ಹಲವು ಬಾರಿ ನಿಜವಾದ ಖರ್ಚಿಗಿಂತ ಹೆಚ್ಚಿರುತ್ತದೆ.

ಹೈಲ್ಯಾಂಡ್ ಪಾರ್ಕಿನ ಮನೆಯ ಗೇಟಿನ ಮೇಲೆ ದೊಡ್ಡದಾಗಿ 23 ಎಂದಿತ್ತು, ಅದರ ಮುಂದೆ ನಿಂತು ಅಭಿಮಾನಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮನೆ ಮಾರಲು ಹೊರಟವರಿಗೆ ಅದು ಪ್ರಚಾರವೆನ್ನಿಸಬಹುದು. ಮಕ್ಕಳೊಂದಿಗೆ ಅಲ್ಲಿ ಬಾಳಬೇಕಾದವರಿಗೆ ಅದು ದಿನನಿತ್ಯದ ಕಿರಿಕಿರಿ. ನನ್ನ ಸಲಹೆ ಕೇಳಿದರೆ, ಇಂಥ ಗೇಟನ್ನು ಬದಲಿಸಿ ಹಳೆಯದನ್ನು ಜೋಪಾನವಾಗಿ ತೆಗೆದಿಡಿ. ಬೇಕೆಂದವರಿಗೆ ವ್ಯವಹಾರದ ಭಾಗವಾಗಿ ಕೊಡಬಹುದು, ಬೇಡವೆಂದರೆ ಸ್ಮರಣಿಕೆಗಳ ಹರಾಜಿನಲ್ಲಿ ಬೇರೆಯಾಗಿ ಮಾರಬಹುದು. ಸ್ಮರಣಿಕೆಯ ಮಾರುಕಟ್ಟೆಯೇ ಬೇರೆ, ಮನೆಯ ಮಾರುಕಟ್ಟೆಯೇ ಬೇರೆ. ಒಂದರ ಬೆಲೆಯನ್ನು ಇನ್ನೊಂದರಲ್ಲಿ ವಸೂಲು ಮಾಡಲಾಗದು.

ನಾಲ್ಕನೆಯ ಹಂತ: ಗೋಪ್ಯತೆ ಮತ್ತು ಭದ್ರತೆ

ಪಂದ್ಯದ ವೇಳಾಪಟ್ಟಿ ಊರಿಗೆಲ್ಲ ಗೊತ್ತಿರುವುದರಿಂದ ಆಟಗಾರರು ಯಾವ ರಾತ್ರಿ ಮನೆಯಲ್ಲಿ ಇರುವುದಿಲ್ಲವೆಂಬುದೂ ಊರಿಗೆಲ್ಲ ಗೊತ್ತು. 2024ರ ಅಕ್ಟೋಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರಾದ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಟ್ರಾವಿಸ್ ಕೆಲ್ಸಿ ಅವರ ಮನೆಗಳಲ್ಲಿ ಕಳವಾಯಿತು. ಬೇರೆ ಆಟಗಾರರ ಮನೆಗಳಲ್ಲೂ ಅಂಥವೇ ಕಳವುಗಳು ನಡೆದು, ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಲೀಗ್‌ಗಳು ತಮ್ಮ ಆಟಗಾರರಿಗೆ ಎಚ್ಚರಿಕೆ ಕೊಡಬೇಕಾಯಿತು. ಮನೆಯ ಒಳಾಂಗಣದ ಫೋಟೊಗಳು, ವಿಡಿಯೊ ಮತ್ತು ನಕ್ಷೆ ಅಂತರಜಾಲದಲ್ಲಿದ್ದರೆ ಕಳ್ಳರ ಕೆಲಸ ಅರ್ಧ ಮುಗಿದಂತೆ. ಆದ್ದರಿಂದ ಮಲಗುವ ಕೋಣೆಗಳ ಸ್ಥಾನ, ಕ್ಯಾಮೆರಾಗಳು, ತಿಜೋರಿ, ಹಿಂಬಾಗಿಲು ಇವು ಯಾವ ಚಿತ್ರದಲ್ಲೂ ಕಾಣದಂತೆ ನೋಡಿಕೊಳ್ಳಿ. ಪೂರ್ಣ ನಕ್ಷೆಯನ್ನು ಗೋಪ್ಯತಾ ಒಪ್ಪಂದಕ್ಕೆ ಸಹಿ ಮಾಡಿದವರಿಗೆ ಮಾತ್ರ ಕೊಡಿ. ಮನೆ ನೋಡಲು ಬರುವ ಪ್ರತಿಯೊಬ್ಬರೂ ಗುರುತಿನ ಚೀಟಿಯನ್ನೂ, ಹಣವಿದೆಯೆಂದು ತೋರಿಸುವ ಬ್ಯಾಂಕಿನ ಪತ್ರವನ್ನೂ ಮೊದಲೇ ಕಳುಹಿಸಿರಬೇಕು. ಬರೀ ಕುತೂಹಲದಿಂದ ಬರುವ ಅಭಿಮಾನಿಗಳನ್ನು ತಡೆಯಲು ಇದಕ್ಕಿಂತ ಮರ್ಯಾದೆಯ ಉಪಾಯವಿಲ್ಲ.

ಹಲವು ಆಟಗಾರರು ಮನೆಯನ್ನು ಸ್ವಂತ ಹೆಸರಿನಲ್ಲಿಡದೆ ಟ್ರಸ್ಟ್ ಅಥವಾ ಕಂಪನಿಯ ಹೆಸರಿನಲ್ಲಿ ಇಟ್ಟಿರುತ್ತಾರೆ. ಸಹಿ ಮಾಡುವ ಅಧಿಕಾರ ಯಾರಿಗಿದೆ ಎಂಬ ದಾಖಲೆಯನ್ನು ಮೊದಲ ವಾರದಲ್ಲೇ ವಕೀಲರಿಂದ ತರಿಸಿಕೊಳ್ಳಿ.

ಐದನೆಯ ಹಂತ: ಮಾರುಕಟ್ಟೆಗೆ ಬಿಡುವುದು, ಬೆಲೆ ಇಳಿಸುವುದು, ಹರಾಜು

ಮನೆ ಮಾರುಕಟ್ಟೆಗೆ ಬಂದ ಮೊದಲ ಕೆಲವು ವಾರಗಳಲ್ಲಿ ಸಿಗುವಷ್ಟು ಗಮನ ಮತ್ತೆ ಸಿಗುವುದಿಲ್ಲ. ಎಷ್ಟು ದಿನದಿಂದ ಮಾರಾಟಕ್ಕಿದೆ ಎಂಬ ಅಂಕಿ ಮಾರಾಟದ ಜಾಹೀರಾತಿನಲ್ಲಿ ಎಲ್ಲರಿಗೂ ಕಾಣುತ್ತದೆ, ಅದು ಬೆಳೆದಂತೆಲ್ಲ ಮನೆಯಲ್ಲಿ ಏನೋ ದೋಷವಿದೆಯೆಂಬ ಶಂಕೆಯೂ ಬೆಳೆಯುತ್ತದೆ. ಆದ್ದರಿಂದ ಮೊದಲ ಬೆಲೆಯನ್ನೇ ನಂಬುವಂತೆ ಇಡಿ. ಇಳಿಸಬೇಕಾಗಿ ಬಂದರೆ ಮೊದಲ ಮೂರು ತಿಂಗಳೊಳಗೆ, ಒಂದೇ ಸಲಕ್ಕೆ, ಹೊಸ ಬಗೆಯ ಕೊಳ್ಳುವವರ ಹುಡುಕಾಟಕ್ಕೆ ಸಿಗುವಷ್ಟು ಇಳಿಸಿ. ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ 2014ರಲ್ಲಿ ಮಯಾಮಿಯ ತಂಡ ಬಿಟ್ಟು ಕ್ಲೀವ್‌ಲ್ಯಾಂಡಿಗೆ ಹೋದಾಗ, 2010ರಲ್ಲಿ 90 ಲಕ್ಷ ಡಾಲರಿಗೆ ಕೊಂಡಿದ್ದ ಮಯಾಮಿಯ ಕೊಕೊನಟ್ ಗ್ರೋವ್ ಬಡಾವಣೆಯ ಮನೆಗೆ 1.7 ಕೋಟಿ ಕೇಳಿ, ಮರುವರ್ಷ 1.34 ಕೋಟಿಗೆ ಮಾರಿದರು. ಕೇಳಿದ್ದಕ್ಕಿಂತ 36 ಲಕ್ಷ ಕಡಿಮೆಗೆ ಒಪ್ಪಿದರೂ ಕೊಂಡ ಬೆಲೆಗಿಂತ 44 ಲಕ್ಷ ಹೆಚ್ಚು ಬಂತು, ಮನೆ ಒಂದು ವರ್ಷದೊಳಗೆ ಕೈಬಿಟ್ಟಿತು. ಆ ಮನೆಯೂ ಕೊಲ್ಲಿಯ ದಡದಲ್ಲಿತ್ತೆಂಬುದನ್ನು ಮರೆಯಬಾರದು.

ಹರಾಜು ಒಳ್ಳೆಯ ದಾರಿಯೇ, ಆದರೆ ಮಾಲೀಕರು ಮಾರುಕಟ್ಟೆಯ ತೀರ್ಪನ್ನು ಒಪ್ಪಲು ಸಿದ್ಧರಿದ್ದರೆ ಮಾತ್ರ. ಜೋರ್ಡನ್ ಅವರ ಮನೆ 2013ರ ನವೆಂಬರಿನಲ್ಲಿ 1.3 ಕೋಟಿ ಡಾಲರಿನ ಕನಿಷ್ಠ ಬೆಲೆಯೊಂದಿಗೆ ಹರಾಜಿಗೆ ಬಂತು. ಕೂಗು ಅಲ್ಲಿಯವರೆಗೆ ಏರದೆ ಮಾರಾಟ ನಿಂತುಹೋಯಿತು. ಆ ಮನೆಗೆ 1.3 ಕೋಟಿ ಕೊಡುವವರು ಯಾರೂ ಇಲ್ಲವೆಂಬುದು ಅಂದು ಜಗಜ್ಜಾಹೀರಾಯಿತು. ಅದಾದ ಮೇಲೆಯೂ ಹೆಚ್ಚು ಬೆಲೆಯನ್ನೇ ಕೇಳುತ್ತ ಹೋದದ್ದು, ನನ್ನ ದೃಷ್ಟಿಯಲ್ಲಿ, ಈ ಕಥೆಯ ಅತ್ಯಂತ ದುಬಾರಿ ತೀರ್ಮಾನ. ಕನಿಷ್ಠ ಬೆಲೆಯಿಟ್ಟು ಹರಾಜು ಮಾಡುವುದಾದರೆ ಅದನ್ನು ಮೌಲ್ಯಮಾಪಕರ ಅಂಕಿಗಿಂತ ಸಾಕಷ್ಟು ಕೆಳಗಿಡಿ. ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡಬೇಕಾದ ಶುಲ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ, ಏಕೆಂದರೆ ಅವರು ಅಷ್ಟನ್ನು ಕಳೆದೇ ಬೆಲೆ ಕೂಗುತ್ತಾರೆ.

ಕಮಿಷನ್ನಿನ ವಿಷಯದಲ್ಲಿ ಅಮೆರಿಕದ ನಿಯಮ 2024ರ ಆಗಸ್ಟಿನಿಂದ ಬದಲಾಗಿದೆ. ಕೊಳ್ಳುವವರ ಏಜೆಂಟರಿಗೆ ಕೊಡುವ ಕಮಿಷನ್ನನ್ನು ಮಾರಾಟದ ಮನೆಗಳ ವಿವರವನ್ನು ಏಜೆಂಟರು ಹಂಚಿಕೊಳ್ಳುವ ಸಾಮಾನ್ಯ ಪಟ್ಟಿಯಲ್ಲಿ ನಮೂದಿಸುವಂತಿಲ್ಲ, ಮತ್ತು ಮನೆ ತೋರಿಸುವ ಮುಂಚೆ ಆ ಏಜೆಂಟರು ತಮ್ಮ ಗ್ರಾಹಕರಿಂದ ಲಿಖಿತ ಒಪ್ಪಂದ ಪಡೆದಿರಬೇಕು. ಕೋಟಿ ಡಾಲರಿನ ವ್ಯವಹಾರದಲ್ಲಿ ಅರ್ಧ ಶೇಕಡಾ ಎಂದರೂ 50,000 ಡಾಲರ್. ಆದ್ದರಿಂದ ಎರಡೂ ಕಡೆಯ ಕಮಿಷನ್ನಿನ ಮಾತನ್ನು ಮುಂಚಿತವಾಗಿಯೇ ಮುಗಿಸಿಕೊಳ್ಳಿ.

ಆರನೆಯ ಹಂತ: ತೆರಿಗೆ

ವಾಸದ ಮನೆ ಮಾರಿದ ಲಾಭದಲ್ಲಿ ಒಬ್ಬರಿಗೆ 2,50,000 ಡಾಲರ್, ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ 5,00,000 ಡಾಲರಿನವರೆಗೆ ಅಮೆರಿಕದ ಕೇಂದ್ರ ತೆರಿಗೆಯ ವಿನಾಯಿತಿಯಿದೆ. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಒಡೆತನವೂ ವಾಸವೂ ಇರಬೇಕು. ತಂಡ ಬದಲಾಗಿ ಎರಡು ವರ್ಷದೊಳಗೆ ಊರು ಬಿಡಬೇಕಾದ ಆಟಗಾರರು, ಕೆಲಸದ ಸ್ಥಳ ಬದಲಾದ ಕಾರಣಕ್ಕೆ, ವಿನಾಯಿತಿಯ ಒಂದು ಪಾಲನ್ನು ಪಡೆಯಬಹುದು. ಈ ಅನುಕೂಲವನ್ನು ಕೇಳದೆ ಬಿಡಬೇಡಿ. ಸ್ವಂತ ವಾಸದ ಮನೆಯನ್ನು ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಮಾತ್ರ ಬರುವುದಿಲ್ಲ. ತೆರಿಗೆಯ ಲೆಕ್ಕದಲ್ಲಿ ಅಮೆರಿಕದ ನಿವಾಸಿಯಲ್ಲದ ವಿದೇಶಿ ಆಟಗಾರರು ಮಾರುವಾಗ, ಕೊಳ್ಳುವವರು ಮಾರಾಟದ ಮೊತ್ತದ ಶೇಕಡಾ 15ನ್ನು ಸಾಮಾನ್ಯವಾಗಿ ತಡೆಹಿಡಿದು ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ಲಾಸ್ ಏಂಜಲೀಸ್ ನಗರದಲ್ಲಿ 2023ರ ಏಪ್ರಿಲಿನಿಂದ ಇನ್ನೊಂದು ವರ್ಗಾವಣೆ ತೆರಿಗೆ ಜಾರಿಯಲ್ಲಿದೆ: ಸುಮಾರು 50 ಲಕ್ಷ ಡಾಲರ್ ಮೀರಿದರೆ ಶೇಕಡಾ 4, ಒಂದು ಕೋಟಿ ಮೀರಿದರೆ ಶೇಕಡಾ 5.5; ಮಿತಿಗಳು ವರ್ಷವರ್ಷವೂ ಸ್ವಲ್ಪ ಏರುತ್ತವೆ. ಲಾಭವಾಗಲಿ ನಷ್ಟವಾಗಲಿ ಅದನ್ನು ಪೂರ್ತಿ ಬೆಲೆಯ ಮೇಲೆ ಕಟ್ಟಬೇಕು.

ಬೆಂಗಳೂರಿನಲ್ಲಿ ಕ್ರಿಕೆಟಿಗರ ವಿಲ್ಲಾ ಮಾರುವಾಗಲೂ ಬೆಲೆ ಕಟ್ಟುವ ರೀತಿ ಇದೇ, ಕಾಗದಪತ್ರ ಮಾತ್ರ ಬೇರೆ. ನೋಂದಣಿಗೆ ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾ ಇರಬೇಕು, ಮುದ್ರಾಂಕ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ದರ ಮತ್ತು ಒಪ್ಪಿದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕುತ್ತಾರೆ. ಒಂದು ಮನೆ ಮಾರಿ ಇನ್ನೊಂದು ಮನೆ ಕೊಂಡರೆ ಸಿಗುವ ಬಂಡವಾಳ ಲಾಭ ತೆರಿಗೆಯ ವಿನಾಯಿತಿಗೆ 2023ರಿಂದ 10 ಕೋಟಿ ರೂಪಾಯಿಯ ಮಿತಿ ಬಂದಿರುವುದರಿಂದ, ದೊಡ್ಡ ವ್ಯವಹಾರದಲ್ಲಿ ಲೆಕ್ಕಪರಿಶೋಧಕರನ್ನು ಕೇಳದೆ ಮುಂಗಡ ಪಡೆಯಬೇಡಿ.

ಏಳನೆಯ ಹಂತ: ಕರಾರು ಮತ್ತು ಹಸ್ತಾಂತರ

ಮನೆಯೊಂದಿಗೆ ಹೋಗುವ ವಸ್ತುಗಳ ಪಟ್ಟಿಯನ್ನು ಕರಾರಿಗೆ ಅಂಟಿಸಿ. ಅಂಕಣದ ಸ್ಕೋರ್‌ಬೋರ್ಡ್, ಜಿಮ್ಮಿನ ಯಂತ್ರಗಳು, ಹೆಸರಿರುವ ಮರದ ಬಾಗಿಲು ಇಂಥವುಗಳ ಬಗ್ಗೆಯೇ ಕೊನೆಯ ದಿನ ಜಗಳ ಬರುವುದು. ಕೊಳ್ಳುವವರು ಮುಂದೆ ಮನೆಯನ್ನು ಬಾಡಿಗೆಗೆ ಅಥವಾ ವ್ಯಾಪಾರಕ್ಕೆ ಬಳಸುವಾಗ ಆಟಗಾರರ ಹೆಸರು, ಚಿತ್ರ, ಸಹಿಗಳನ್ನು ಬಳಸಬಹುದೇ ಎಂಬುದನ್ನೂ ಸ್ಪಷ್ಟವಾಗಿ ಬರೆಸಬೇಕು. ವ್ಯಕ್ತಿಯ ಹೆಸರನ್ನೂ ರೂಪವನ್ನೂ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದರ ವಿರುದ್ಧ, ಜೋರ್ಡನ್ ಅವರ ಆ ಮನೆಯಿರುವ ಇಲಿನಾಯ್ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ, ಆದರೂ ಕರಾರಿನಲ್ಲಿ ಒಂದು ಸಾಲು ಬರೆಸಿದರೆ ಮುಂದಿನ ಕೋರ್ಟಿನ ಅಲೆದಾಟ ತಪ್ಪುತ್ತದೆ.

ಚಾವಣಿಯ ಸೋರಿಕೆ, ನೆಲಮಾಳಿಗೆಗೆ ನುಗ್ಗಿದ ನೀರು, ಪರವಾನಗಿಯಿಲ್ಲದೆ ಸೇರಿಸಿದ ಕಟ್ಟಡ ಇವನ್ನು ಮುಚ್ಚಿಡದೆ ನಿಗದಿತ ನಮೂನೆಯಲ್ಲಿ ತಿಳಿಸಿ. ಆಟಗಾರರು ಆ ಮನೆಯಲ್ಲಿ ವರ್ಷಕ್ಕೆ ಕೆಲವೇ ತಿಂಗಳು ಇದ್ದಿರಬಹುದಾದ್ದರಿಂದ ಅವರನ್ನಷ್ಟೇ ಕೇಳಿದರೆ ಸಾಲದು, ಮನೆ ನೋಡಿಕೊಂಡವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು. ಹಸ್ತಾಂತರದ ದಿನ ಕೀಲಿಗಳ ಜೊತೆಗೆ ಗೇಟು, ಕ್ಯಾಮೆರಾ, ಅಲಾರಂ ಮತ್ತು ಇಂಟರ್ನೆಟ್ಟಿನ ಎಲ್ಲ ಪಾಸ್‌ವರ್ಡ್‌ಗಳನ್ನು ಹೊಸ ಮಾಲೀಕರ ಎದುರಿನಲ್ಲೇ ಬದಲಾಯಿಸಿ, ಹಳೆಯ ಸಿಬ್ಬಂದಿಯ ಫೋನುಗಳಿಂದ ಆ ಪ್ರವೇಶಗಳನ್ನು ತೆಗೆಸಿ, ಆಟಗಾರರ ಹೆಸರಿಗೆ ಬರುವ ಟಪಾಲು ಮತ್ತು ಪಾರ್ಸೆಲ್ಲುಗಳನ್ನು ಅವರ ಕಚೇರಿಯ ವಿಳಾಸಕ್ಕೆ ತಿರುಗಿಸುವ ಅರ್ಜಿಯನ್ನು ಅಂದೇ ಅಂಚೆ ಕಚೇರಿಗೆ ಕೊಡಿ.